ಮೇಣದಬತ್ತಿ ಆರಿದ ಮೇಲೆ ನೀರು ಯಾಕೆ ಏರುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಕೇಳಿದವರು ಪ್ರಯೋಗ ಮಾಡಿ ನೋಡಿದ್ದಾರೆ. ಕಾರಣವನ್ನೂ ಯಾರೋ ಹೇಳಿದ್ದಾರೆ. ಆದರೆ ಆ ಕಾರಣ ಮನಸ್ಸಿಗೆ ಒಪ್ಪಿಲ್ಲ. ನನಗೆ ಇಂಥ ಪ್ರಶ್ನೆಗಳ ಮೇಲೆ ಪ್ರೀತಿ ಜಾಸ್ತಿ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿಟ್ಟು, ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಬತ್ತಿ ಆರಿ ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಈಗ ನನ್ನ ಮಗಳು ‘ಬತ್ತಿ ಉರಿಯುವಾಗ ಸುಮ್ಮನಿದ್ದ ನೀರು, ಆರಿದ ಮೇಲೆ ಯಾಕೆ ಏರಿತು?’ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ನೋಡಬೇಕಾದ್ದನ್ನೇ ನೋಡಿದ್ದಾಳೆ ನಿಮ್ಮ ಮಗಳು. ಆಮ್ಲಜನಕದ ಕಥೆ ನಿಜವಾಗಿದ್ದರೆ ಬತ್ತಿ ಉರಿಯುವ ಉದ್ದಕ್ಕೂ ನೀರು ನಿಧಾನವಾಗಿ ಏರುತ್ತಾ ಹೋಗಬೇಕಿತ್ತು. ಹಾಗಾಗುವುದಿಲ್ಲ. ಜ್ವಾಲೆ ಸಣ್ಣದಾಗಿ ಆರುವ ಹೊತ್ತಿಗೆ ನೀರು ಒಮ್ಮೆಲೇ ಒಳಗೆ ನುಗ್ಗುತ್ತದೆ. ಈ ಒಂದು ವಿಷಯವೇ ಹಳೆಯ ವಿವರಣೆಯನ್ನು ಅಲ್ಲಾಡಿಸಲು ಸಾಕು.

ಇನ್ನೂ ಇದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21. ಮೇಣದಬತ್ತಿ ಅದನ್ನೆಲ್ಲ ಮುಗಿಸುವುದಿಲ್ಲ. ನೂರಕ್ಕೆ ಸುಮಾರು 16 ಪಾಲು ಉಳಿದಿರುವಾಗಲೇ ಆರಿಬಿಡುತ್ತದೆ. ಅಂದರೆ ಖರ್ಚಾಗುವುದು ಬರೀ 5 ಪಾಲು. ಅದೂ ಸುಮ್ನೆ ಮಾಯವಾಗುವುದಿಲ್ಲ. ಮೇಣ ಉರಿದಾಗ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ ಹುಟ್ಟುತ್ತವೆ. ಆವಿ ತಣ್ಣಗಾಗಿ ಲೋಟದ ಒಳಗೋಡೆಗೆ ಮಂಜಿನ ಹಾಗೆ ಕೂರುತ್ತದೆ, ಸರಿ. ಆದರೆ ಖರ್ಚಾದ ಆಮ್ಲಜನಕದ ಮೂರರಲ್ಲಿ ಎರಡು ಪಾಲು ಜಾಗವನ್ನು ಹೊಸದಾಗಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ನಿಜವಾಗಿ ಖಾಲಿಯಾಗುವ ಜಾಗ ನೂರಕ್ಕೆ ಎರಡು ಪಾಲೂ ಇಲ್ಲ. ನೀವು ನೋಡಿದ ನೀರು ಅದಕ್ಕಿಂತ ಎಷ್ಟೋ ಮೇಲೆ ಏರಿರುತ್ತದೆ, ಅಲ್ವಾ?

ಹಾಗಾದರೆ ಏರಿಸುವವರು ಯಾರು? ಬಿಸಿ. ಲೋಟವನ್ನು ಬತ್ತಿಯ ಮೇಲೆ ಇಳಿಸುವಾಗಲೇ ಜ್ವಾಲೆಯ ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಒಂದಷ್ಟು ಹೊರಗೆ ಹೋಗುತ್ತದೆ. ಲೋಟದ ಅಂಚು ನೀರು ಮುಟ್ಟಿದ ಮೇಲೂ ಒಂದೆರಡು ಗುಳ್ಳೆಗಳು ಬುಳಕ್ ಎಂದು ಹೊರಬರುವುದನ್ನು ಗಮನಿಸಿ. ಬತ್ತಿ ಆರಿದ ಕೂಡಲೇ ಒಳಗೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ತಟ್ಟೆಯ ನೀರನ್ನು ಒಳಕ್ಕೆ ತಳ್ಳುತ್ತದೆ. ಗಾಳಿ 80 ಡಿಗ್ರಿ ಸೆಲ್ಸಿಯಸ್‌ನಿಂದ 30 ಡಿಗ್ರಿಗೆ ಇಳಿದರೆ ಅದರ ಗಾತ್ರ ನೂರಕ್ಕೆ ಸುಮಾರು 14ರಷ್ಟು ಕಡಿಮೆಯಾಗುತ್ತದೆ. ಈಗ ಲೆಕ್ಕ ಕೂಡುತ್ತದೆ.

ಮಗಳ ಜೊತೆ ಇನ್ನೆರಡು ಸಲ ಮಾಡಿ ನೋಡಿ. ಮೊದಲು ಒಂದರ ಬದಲು ಮೂರು ಬತ್ತಿ ಇಡಿ. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ಆದರೂ ನೀರು ಜಾಸ್ತಿ ಏರುತ್ತದೆ. ಮೂರು ಬತ್ತಿ ಗಾಳಿಯನ್ನು ಹೆಚ್ಚು ಬಿಸಿ ಮಾಡಿವೆ, ಅದಕ್ಕೆ. ಆಮೇಲೆ ಬತ್ತಿಯೇ ಬೇಡ. ಲೋಟವನ್ನು ಬಿಸಿನೀರಿನಲ್ಲಿ ಗಲಬರಿಸಿ, ನೀರು ಚೆಲ್ಲಿ, ತಕ್ಷಣ ತಣ್ಣೀರಿನ ತಟ್ಟೆಯಲ್ಲಿ ಬೋರಲು ಹಾಕಿ. ಏನೂ ಉರಿದಿಲ್ಲ, ಆಮ್ಲಜನಕ ಒಂದಿಷ್ಟೂ ಖರ್ಚಾಗಿಲ್ಲ, ನೀರು ಮಾತ್ರ ಏರುತ್ತದೆ.

ಆಮ್ಲಜನಕದ ಪಾಲನ್ನೇ ಕಣ್ಣಾರೆ ನೋಡಬೇಕೆಂದರೆ ಬೆಂಕಿಯಲ್ಲ, ತುಕ್ಕು ಸರಿಯಾದ ದಾರಿ. ತುಕ್ಕು ಹಿಡಿಯುವಂಥ ಕಬ್ಬಿಣದ ನಾರನ್ನು ಒದ್ದೆ ಮಾಡಿ, ಉದ್ದನೆಯ ಗಾಜಿನ ಕೊಳವೆಯ ತಳಕ್ಕೆ ತುರುಕಿ, ಕೊಳವೆಯನ್ನು ನೀರಿನಲ್ಲಿ ಬೋರಲು ನಿಲ್ಲಿಸಿ ಬಿಡಿ. ಸ್ಟೇನ್‌ಲೆಸ್ ಸ್ಟೀಲಿನ ನಾರು ನಡೆಯುವುದಿಲ್ಲ, ಅದು ತುಕ್ಕು ಹಿಡಿಯುವುದಿಲ್ಲ. ಒಂದೆರಡು ದಿನದಲ್ಲಿ ನೀರು ಕೊಳವೆಯ ಐದನೇ ಒಂದು ಭಾಗದಷ್ಟು ಏರಿ ನಿಲ್ಲುತ್ತದೆ. ಇಲ್ಲಿ ಬಿಸಿಯ ಗೊಂದಲವಿಲ್ಲ, ಹೊಸ ಅನಿಲವೂ ಹುಟ್ಟುವುದಿಲ್ಲ. ಇಷ್ಟು ಚೊಕ್ಕ ಪ್ರಯೋಗ ಇರುವಾಗ ಮೇಣದಬತ್ತಿಯ ತಪ್ಪು ವಿವರಣೆಯನ್ನೇ ಇನ್ನೂ ಮಕ್ಕಳಿಗೆ ಹೇಳಿಕೊಡುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: ನೀರಿರುವ ಲೋಟದ ಬಾಯಿಗೆ ಕಾಗದ ಮುಚ್ಚಿ ತಲೆಕೆಳಗು ಮಾಡಿದರೆ ನೀರು ಬೀಳುವುದಿಲ್ಲ. ಹೊರಗಿನ ಗಾಳಿ ಮೇಲಕ್ಕೆ ಒತ್ತುತ್ತದೆ ಅನ್ನುತ್ತಾರೆ. ಆದರೆ ಲೋಟ ಅರ್ಧ ಮಾತ್ರ ತುಂಬಿದ್ದರೆ ಒಳಗೂ ಗಾಳಿ ಇದೆಯಲ್ಲ, ಅದು ಕೆಳಕ್ಕೆ ಒತ್ತುವುದಿಲ್ಲವೇ?

ಉತ್ತರ: ಒತ್ತುತ್ತದೆ. ಮೊದಲ ಕ್ಷಣದಲ್ಲಿ ಒಳಗೂ ಹೊರಗೂ ಒತ್ತಡ ಸಮ. ನೀರಿನ ತೂಕಕ್ಕೆ ಕಾಗದ ಕೂದಲೆಳೆಯಷ್ಟು ಕೆಳಗೆ ಉಬ್ಬುತ್ತದೆ. ಆಗ ಒಳಗಿನ ಗಾಳಿಗೆ ತುಸು ಹೆಚ್ಚು ಜಾಗ ಸಿಕ್ಕಿ ಅದರ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯಬೇಕು? ವಾತಾವರಣದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರನ್ನು ಹೊರಬಲ್ಲದು. ಲೋಟದಲ್ಲಿರುವುದು 10 ಸೆಂಟಿಮೀಟರ್ ನೀರು ಎನ್ನಿ. ಒಳಗಿನ ಒತ್ತಡ ನೂರಕ್ಕೆ ಒಂದರಷ್ಟು ಇಳಿದರೆ ಸಾಕು, ನೀರು ನಿಲ್ಲುತ್ತದೆ.

ಕಾಗದಕ್ಕೆ ಇಲ್ಲಿ ಏನು ಕೆಲಸ ಅಂದರೆ, ನೀರಿನ ಮೈಯನ್ನು ಸಪಾಟಾಗಿ ಹಿಡಿಯುವುದು. ಕಾಗದ ತೆಗೆದರೆ ನೀರಿನ ಕೆಳಮೈಯಲ್ಲಿ ಪುಟ್ಟ ಅಲೆ ಏಳುತ್ತದೆ. ಅಲೆ ಬೆಳೆದು, ಒಂದು ಕಡೆ ನೀರು ಜಾರಿ, ಇನ್ನೊಂದು ಕಡೆ ಗಾಳಿ ಒಳನುಗ್ಗಿ ಎಲ್ಲ ಸುರಿದುಹೋಗುತ್ತದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಲೋಟದ ಬಾಯಿಗೆ ಬಿಗಿಯಾಗಿ ಕಟ್ಟಿ ನೋಡಿ. ಬಲೆಯ ಮೇಲೆ ಕಾಗದ ಇಟ್ಟು ಬೋರಲು ಮಾಡಿ, ಲೋಟ ನೆಟ್ಟಗಿರುವಾಗ ಕಾಗದವನ್ನು ಮೆಲ್ಲಗೆ ಸರಿಸಿ. ಅಷ್ಟೊಂದು ತೂತುಗಳಿದ್ದರೂ ನೀರು ನಿಂತೇ ಇರುತ್ತದೆ. ಅಲೆ ಬೆಳೆಯದ ಹಾಗೆ ಪ್ರತಿ ಕಣ್ಣಿನಲ್ಲೂ ನೀರಿನ ಮೇಲ್ಮೈ ಎಳೆತ ಹಿಡಿದಿರುತ್ತದೆ. ಲೋಟವನ್ನು ಸ್ವಲ್ಪ ವಾಲಿಸಿ, ಆಟ ಮುಗಿಯಿತು. ಬಚ್ಚಲಲ್ಲೇ ಮಾಡಿ.

ಪ್ರಶ್ನೆ: ಟೀ ಕಲಕಿದಾಗ ತಳದಲ್ಲಿರುವ ಎಲೆಚೂರುಗಳು ನಡುವಿಗೆ ಬಂದು ಗುಡ್ಡೆಯಾಗುತ್ತವೆ. ತಿರುಗುವ ವಸ್ತು ಹೊರಗೆ ಹೋಗಬೇಕಲ್ಲವೇ?

ಉತ್ತರ: ಇದೇ ಪ್ರಶ್ನೆಗೆ 1926ರಲ್ಲಿ ಆಲ್ಬರ್ಟ್ ಐನ್‌ಸ್ಟೀನ್ ಒಂದು ಲೇಖನವನ್ನೇ ಬರೆದಿದ್ದರು.

ಪಾರದರ್ಶಕ ಲೋಟದಲ್ಲಿ ನೀರು, ಒಂದು ಚಿಟಿಕೆ ನೆಂದ ಟೀ ಎಲೆ ಹಾಕಿ ಕಲಕಿ. ಚಮಚ ಆಡುತ್ತಿರುವಷ್ಟು ಹೊತ್ತು ಎಲೆಗಳು ಎಲ್ಲೆಂದರಲ್ಲಿ ಹಾರಾಡುತ್ತವೆ. ಚಮಚ ತೆಗೆದು ಕಣ್ಣನ್ನು ಲೋಟದ ತಳದ ಮಟ್ಟಕ್ಕೆ ತನ್ನಿ. ಗೋಡೆಯ ಹತ್ತಿರ ಬಿದ್ದ ಚೂರುಗಳು ಸುರುಳಿ ಸುರುಳಿಯಾಗಿ ಒಳಗೆ ಸರಿಯುವುದು ಕಾಣುತ್ತದೆ. ನಡುವೆ ಬಂದವು ಒಂದೆರಡು ಸಲ ಮೇಲೆ ಎದ್ದು ಮತ್ತೆ ಕೂರುತ್ತವೆ. ಆ ಏಳುವುದನ್ನು ಮರೆಯದೆ ನೋಡಿ. ಗುಟ್ಟು ಅಲ್ಲಿದೆ.

ತಿರುಗುವ ನೀರು ಅಂಚಿನಲ್ಲಿ ಎತ್ತರ, ನಡುವೆ ತಗ್ಗು. ಹಾಗಾಗಿ ಅಂಚಿನಲ್ಲಿ ಒತ್ತಡ ಜಾಸ್ತಿ. ಈ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ, ತಿರುಗುವ ವೇಗ ಹೊರಕ್ಕೆ ಎಳೆಯುತ್ತದೆ. ಮೇಲೆ ಎರಡೂ ಸರಿಸಮ. ಆದರೆ ತಳದಲ್ಲಿ ನೀರು ಲೋಟಕ್ಕೆ ಉಜ್ಜಿಕೊಂಡು ನಿಧಾನವಾಗುತ್ತದೆ. ಅಲ್ಲಿ ಹೊರಗೆ ಎಳೆಯುವ ಶಕ್ತಿ ಕುಂದಿ, ಒತ್ತಡದ ಕೈ ಮೇಲಾಗುತ್ತದೆ. ತಳದ ನೀರು ಗೋಡೆಯಿಂದ ನಡುವಿಗೆ ಹರಿದು, ನಡುವೆ ಮೇಲೇರಿ, ಮೇಲ್ಗಡೆ ಹೊರಕ್ಕೆ ಹೋಗಿ, ಗೋಡೆಗುಂಟ ಮತ್ತೆ ಕೆಳಗಿಳಿಯುತ್ತದೆ. ಎಲೆಗಳು ಈ ಹರಿವಿನ ಜೊತೆ ನಡುವಿನ ತನಕ ಬರುತ್ತವೆ. ಮೇಲೇರುವ ಹರಿವಿಗೆ ಅವುಗಳನ್ನು ಎತ್ತಿಕೊಂಡು ಹೋಗುವಷ್ಟು ಬಲ ಇರುವುದಿಲ್ಲ. ಅಲ್ಲೇ ಗುಡ್ಡೆ ಬೀಳುತ್ತವೆ.

ಐನ್‌ಸ್ಟೀನ್ ಲೋಟಕ್ಕೇ ನಿಲ್ಲಲಿಲ್ಲ. ನದಿ ತಿರುವು ತೆಗೆದುಕೊಳ್ಳುವಾಗಲೂ ಹೀಗೇ ಆಗುತ್ತದೆ ಎಂದು ತೋರಿಸಿದರು. ತಿರುವಿನಲ್ಲಿ ತಳದ ನೀರು ಹೊರದಡದಿಂದ ಒಳದಡಕ್ಕೆ ಹರಿಯುತ್ತದೆ. ಹೊರದಡ ಕೊರೆಯುತ್ತದೆ, ಮಣ್ಣು ಮರಳು ಒಳದಡದಲ್ಲಿ ಕೂರುತ್ತದೆ. ತಿರುವು ವರ್ಷ ವರ್ಷಕ್ಕೂ ಇನ್ನಷ್ಟು ಬಾಗುತ್ತದೆ. ಯಾವ ನದಿಯ ತಿರುವಿನಲ್ಲಿ ನಿಂತರೂ ಒಂದು ದಡ ಕಡಿದಾಗಿ, ಇನ್ನೊಂದು ದಡ ಮರಳು ಹಾಸಿದಂತೆ ಕಾಣುವುದು ಇದಕ್ಕೇ.

ಪ್ರಶ್ನೆ: ಬೇಸಿನ್ನಿನ ನೀರು ಉತ್ತರಾರ್ಧ ಗೋಳದಲ್ಲಿ ಒಂದು ಕಡೆಗೂ ದಕ್ಷಿಣದಲ್ಲಿ ಇನ್ನೊಂದು ಕಡೆಗೂ ಸುತ್ತಿ ಇಳಿಯುತ್ತದೆ ಅನ್ನುವುದು ನಿಜವೇ?

ಉತ್ತರ: ಮನೆಯ ಬೇಸಿನ್ನಿನಲ್ಲಿ ನಿಜವಲ್ಲ. ಭೂಮಿ ಒಂದು ಸುತ್ತು ಬರಲು ಒಂದು ದಿನ ಬೇಕು, ಬೇಸಿನ್ ಖಾಲಿಯಾಗಲು ಅರೆ ನಿಮಿಷ. ಅಷ್ಟರಲ್ಲಿ ಭೂಮಿಯ ಪ್ರಭಾವಕ್ಕಿಂತ ನಲ್ಲಿಯಿಂದ ನೀರು ಬಿದ್ದ ರೀತಿ, ಬೇಸಿನ್ನಿನ ಓರೆಕೋರೆ, ಬಿರಡೆ ಎಳೆದ ಕೈ ಇವುಗಳದ್ದೇ ಜೋರು.

ಆದರೆ ತುಂಬಾ ತಾಳ್ಮೆಯಿಂದ ಮಾಡಿದರೆ ಭೂಮಿಯ ಕೈವಾಡ ಕಾಣಿಸುತ್ತದೆ. 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಆಶರ್ ಶಾಪಿರೊ ಆರಡಿ ಅಗಲ, ಆರಿಂಚು ಆಳದ ದುಂಡನೆಯ ತೊಟ್ಟಿಯಲ್ಲಿ ನೀರು ತುಂಬಿ, ಅಲುಗದ ಹಾಗೆ ಮುಚ್ಚಿ 24 ಗಂಟೆ ಬಿಟ್ಟರು. ಆಮೇಲೆ ಬಿರಡೆ ತೆಗೆದರು. ಮೊದಲ ಹತ್ತು ನಿಮಿಷ ದಾಟಿದರೂ ಏನೂ ಕಾಣಲಿಲ್ಲ. ಕೊನೆಕೊನೆಗೆ ನೀರು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತತೊಡಗಿತು. 1965ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೀಗೇ ಮಾಡಿದಾಗ ಅದು ಮುಳ್ಳಿನ ದಿಕ್ಕಿಗೇ ಸುತ್ತಿತು. ಒಂದು ದಿನವಿಡೀ ನೀರು ಅಲುಗದಂತೆ ಕಾಯ್ದರಲ್ಲ, ಆ ಶ್ರದ್ಧೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಹುಟ್ಟುವ ಹುಣ್ಣಿಮೆ ಚಂದ್ರ ಅಷ್ಟು ದೊಡ್ಡದಾಗಿ ಕಾಣುವುದು ವಾತಾವರಣ ಭೂತಗನ್ನಡಿಯ ಹಾಗೆ ಕೆಲಸ ಮಾಡುವುದರಿಂದಲೇ?

ಉತ್ತರ: ಅಲ್ಲ. ವಾತಾವರಣ ಚಂದ್ರನನ್ನು ಹಿಗ್ಗಿಸುವುದಿಲ್ಲ. ಬದಲಿಗೆ ದಿಗಂತದ ಹತ್ತಿರ ಅವನನ್ನು ಮೇಲಿಂದ ಕೆಳಕ್ಕೆ ಸ್ವಲ್ಪ ಅಮುಕಿದ ಹಾಗೆ ಮಾಡುತ್ತದೆ. ಕೆಳ ಅಂಚಿನಿಂದ ಬರುವ ಬೆಳಕು ಮೇಲಿನ ಅಂಚಿನ ಬೆಳಕಿಗಿಂತ ಹೆಚ್ಚು ಬಾಗುವುದು ಇದಕ್ಕೆ ಕಾರಣ. ಕೆಂಪು ಬಣ್ಣ ಮಾತ್ರ ಗಾಳಿಯದೇ ಕೆಲಸ. ಉದ್ದನೆಯ ಗಾಳಿಯ ದಾರಿಯಲ್ಲಿ ನೀಲಿ ಬೆಳಕು ಚದುರಿ ಹೋಗಿರುತ್ತದೆ.

ಇನ್ನೊಂದು ವಿಷಯ ಕೇಳಿ. ದಿಗಂತದಲ್ಲಿರುವ ಚಂದ್ರ ನಿಮಗೆ ನೆತ್ತಿಯ ಚಂದ್ರನಿಗಿಂತ ದೂರ! ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಅವನು ನೆತ್ತಿಗೆ ಬರುವಾಗ ಭೂಮಿ ನಿಮ್ಮನ್ನು ಅವನ ಕಡೆಗೆ ಸುಮಾರು ತನ್ನ ತ್ರಿಜ್ಯದಷ್ಟು, ಅಂದರೆ 6,400 ಕಿಲೋಮೀಟರ್ ಹತ್ತಿರ ತಂದಿರುತ್ತದೆ. ಅಳೆದರೆ ಹುಟ್ಟುವ ಚಂದ್ರನೇ ನೂರಕ್ಕೆ ಒಂದೂವರೆಯಷ್ಟು ಚಿಕ್ಕವನು.

ಹಾಗಾದರೆ ದೊಡ್ಡದು ಮಾಡುವುದು ನಮ್ಮ ಮಿದುಳು. ಮರ, ಕಟ್ಟಡ, ಗುಡ್ಡಗಳ ಸಾಲಿನ ಹಿಂದೆ ಇರುವುದನ್ನು ಅದು ಬಹಳ ದೂರದ್ದು ಎಂದುಕೊಂಡು, ದೂರದಲ್ಲಿದ್ದೂ ಇಷ್ಟು ಕಾಣುತ್ತಿದೆ ಅಂದರೆ ದೊಡ್ಡದೇ ಇರಬೇಕು ಎಂದು ತೀರ್ಮಾನಿಸುತ್ತದೆ ಎಂಬುದು ಒಂದು ವಿವರಣೆ. ಎಲ್ಲ ಸಂಶೋಧಕರೂ ಒಪ್ಪಿದ ಉತ್ತರ ಇನ್ನೂ ಇಲ್ಲ. ವಿಮಾನ ಹಾರಿಸುವವರಿಗೆ ಕೆಳಗೆ ಮರ, ಮನೆ ಇಲ್ಲದಾಗಲೂ ಈ ಭ್ರಮೆ ಆಗುತ್ತದೆ. ಅದಕ್ಕೇ ಈ ವಿವರಣೆ ಪೂರ್ತಿ ಸಾಲದು.

ಭ್ರಮೆ ಮುರಿಯುವುದು ಮಾತ್ರ ಸುಲಭ. ಕಾಗದವನ್ನು ಸಣ್ಣ ಕೊಳವೆಯಂತೆ ಸುತ್ತಿ, ಚಂದ್ರ ಮಾತ್ರ ಕಾಣುವ ಹಾಗೆ ಅದರೊಳಗಿಂದ ನೋಡಿ. ಥಟ್ಟನೆ ಚಿಕ್ಕದಾಗುತ್ತಾನೆ. ಕೊಳವೆ ತೆಗೆದರೆ ಮತ್ತೆ ದೊಡ್ಡವನು. ಕೈಯನ್ನು ಪೂರ್ತಿ ಚಾಚಿ ಕಿರುಬೆರಳ ಉಗುರಿನಿಂದ ಮರೆಮಾಡಿ ನೋಡಿದರೂ ಆದೀತು. ಹುಟ್ಟುವಾಗಲೂ ನೆತ್ತಿಯಲ್ಲೂ ಉಗುರಿನ ಅರ್ಧದಷ್ಟೇ ಅವನ ಅಗಲ. ಕ್ಯಾಮೆರಾ ಇದ್ದರೆ ಜೂಮ್ ಒಂದಿಷ್ಟೂ ಬದಲಿಸದೆ ಸಂಜೆ ಒಂದು, ನಡುರಾತ್ರಿ ಒಂದು ಫೋಟೊ ತೆಗೆದು ಪಕ್ಕಪಕ್ಕ ಇಡಿ. ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ, ಎತ್ತರವನ್ನೂ ಅಳೆಯಿರಿ. ಚಂದ್ರ ದಿಗಂತಕ್ಕೆ ತೀರಾ ಹತ್ತಿರ ಇದ್ದಾಗ ತೆಗೆದ ಚಿತ್ರವಾದರೆ ಎತ್ತರ ಅಗಲಕ್ಕಿಂತ ಕಡಿಮೆ ಬರುತ್ತದೆ.