ಕರಪತ್ರಕ್ಕೆ ತಲೆಬುರುಡೆ ಬೇಡ

ಪ್ರಶ್ನೆ: ಡಿಸೆಂಬರ್ 1ರ ಏಡ್ಸ್ ದಿನಕ್ಕೆ ನಮ್ಮ ಸ್ತ್ರೀಶಕ್ತಿ ಸಂಘದಿಂದ ಹೆಣ್ಣುಮಕ್ಕಳಿಗೆಂದೇ ಕರಪತ್ರ ತರುತ್ತಿದ್ದೇವೆ. ‘ಪತಿನಿಷ್ಠೆಯೇ ಏಡ್ಸ್‌ಗೆ ಮದ್ದು’ ಎಂಬ ತಲೆಬರಹ, ಕೆಳಗೊಂದು ತಲೆಬುರುಡೆ. ಓದಿದವರಿಗೆ ನಾಟುತ್ತದೆಯೇ?

ಉತ್ತರ: ನಾಟುತ್ತದೆ, ಆದರೆ ನಾಟಬಾರದ ಕಡೆ. ಓದುವಾಕೆ ‘ನಾನು ಸರಿಯಾಗಿದ್ದೇನೆ, ಇದು ನನಗಲ್ಲ’ ಎಂದು ಮಡಚಿಡುತ್ತಾಳೆ. ಎಷ್ಟೋ ಗೃಹಿಣಿಯರಿಗೆ ಸೋಂಕು ಬಂದದ್ದು ಗಂಡನಿಂದಲೇ. ನಿಷ್ಠೆ ಅವರನ್ನು ಕಾಯಲಿಲ್ಲ. ಅಂಥವಳ ಕೈಗೆ ಈ ತಲೆಬರಹ ಸಿಕ್ಕರೆ ಅದು ಬರೀ ಅಪವಾದ. ಬುರುಡೆಯೂ ದಾರಿ ತಪ್ಪಿಸುತ್ತದೆ. ಎಚ್‌ಐವಿ ಇದ್ದವರು ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಕಾಣಬಹುದು. ಚಿತ್ರ ನೋಡಿದವಳು ‘ನಮ್ಮವರು ಚೆನ್ನಾಗೇ ಇದ್ದಾರಲ್ಲ’ ಅಂದುಕೊಳ್ಳುತ್ತಾಳೆ.

‘ಕಾಂಡೋಮ್ ಬಳಸಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಅನೇಕ ಮನೆಗಳಲ್ಲಿ ಆ ತೀರ್ಮಾನ ಆಕೆಯದಲ್ಲ. ಗರ್ಭಿಣಿಯಾದವಳು ಮನೆಯಲ್ಲಿ ಆಡಬಹುದಾದ ಮಾತನ್ನೇ ಬರೆದುಕೊಡಿ: ‘ತಾಯಿ ಕಾರ್ಡ್ ಮಾಡಿಸುವಾಗ ರಕ್ತ ಪರೀಕ್ಷೆ ಇದೆಯಂತೆ, ನೀವೂ ಬರಬೇಕು ಅಂತ ಸಿಸ್ಟರ್ ಹೇಳಿದ್ದಾರೆ.’ ಮಾತು ಸಿಸ್ಟರ್ ಬಾಯಿಂದ ಬಂದಂತಿದ್ದರೆ ಗಂಡನ ಮೇಲೆ ಸಂಶಯಪಟ್ಟಂತಾಗದು. ಅದರ ಕೆಳಗೇ ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದ ಜಾಗ, ಸಮಯ, ಸಹಾಯವಾಣಿ 1097. ಅಲ್ಲಿ ಪರೀಕ್ಷೆ ಉಚಿತ. ಒಪ್ಪಿಗೆ ಪಡೆದೇ ಮಾಡಬೇಕು, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ‘ಯಾರಿಗಾದರೂ ಗೊತ್ತಾದರೆ?’ ಎಂಬ ಅಳುಕಿಗೆ ಉತ್ತರ ಇದು, ಮೂಲೆಗೆ ತಳ್ಳಬೇಡಿ. ಅಂದಹಾಗೆ, ‘ಏಡ್ಸ್’ ಎಂದು ಕೆಂಪಕ್ಷರದಲ್ಲಿ ದೊಡ್ಡದಾಗಿದ್ದ ಕಾಗದ ಬಸ್ಸಿನ ಸೀಟಿನ ಮೇಲೇ ಉಳಿಯುತ್ತದೆ. ‘ಗರ್ಭಿಣಿಯರ ರಕ್ತ ಪರೀಕ್ಷೆ’ ಎಂದಿದ್ದರೆ ಚೀಲ ಸೇರುತ್ತದೆ.

ಪ್ರಶ್ನೆ: ‘ಮಗುವಿಗಾಗಿ ಪರೀಕ್ಷೆ ಮಾಡಿಸಿಕೊಳ್ಳಿ’ ಎನ್ನಬಹುದೇ?

ಉತ್ತರ: ಎನ್ನಿ, ಅದಕ್ಕೆ ಮಣಿಯದವರು ಕಡಿಮೆ. ಏನೂ ಮಾಡದಿದ್ದರೆ ಸೋಂಕಿತ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಗುಲಬಹುದು, ಸಕಾಲಕ್ಕೆ ಚಿಕಿತ್ಸೆಯಾದರೆ 5ಕ್ಕಿಂತ ಕಡಿಮೆ. ಎರಡೂ ಒಂದೇ ಸಾಲಿನಲ್ಲಿರಲಿ. ಮೊದಲರ್ಧವಷ್ಟೇ ಅಚ್ಚಾದರೆ ಹೆದರಿಕೆ ಮಾತ್ರ ಉಳಿಯುತ್ತದೆ. ‘ತಾಯಿಯಿಂದ ಮಗುವಿಗೆ’ ಎಂದರೆ ತಪ್ಪು ತಾಯಿಯ ತಲೆಗೆ ಬರುತ್ತದೆ. ಸರ್ಕಾರಿ ಕಾರ್ಯಕ್ರಮದ ಹೆಸರಲ್ಲೇ ಬಹುಕಾಲ ‘ಪೋಷಕರಿಂದ ಮಗುವಿಗೆ’ ಎಂದಿತ್ತು, ಅದನ್ನೇ ಬಳಸಿ.

ಒಂದು ಅಪಾಯವಿದೆ. ‘ಮಗುವಿಗಾಗಿ’ ಎಂದಷ್ಟೇ ಒತ್ತಿದರೆ, ಹೆರಿಗೆಯಾದ ಮೇಲೆ ಕೆಲಸ ಮುಗಿಯಿತೆಂದು ತಾಯಿ ಮಾತ್ರೆ ನಿಲ್ಲಿಸಿಬಿಡಬಹುದು. ಮಾತ್ರೆ ಆಕೆಗೂ ಬೇಕು, ಜೀವನಪೂರ್ತಿ, ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಉಚಿತ: ಈ ಸಾಲು ಮಗುವಿನ ಸಾಲಿಗಿಂತ ಮೊದಲಿರಲಿ.

ಅಚ್ಚಿಗೆ ಮುನ್ನ ಐದಾರು ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ‘ನಾಳೆ ಎಲ್ಲಿಗೆ ಹೋಗುತ್ತೀರಿ, ಮನೆಯಲ್ಲಿ ಏನಂತ ಹೇಳುತ್ತೀರಿ?’ ಎಂದು ಕೇಳಿ.