ಮರದ ಉಪಯೋಗ ಮೂರೇನಾ?

ಪತ್ರ: "ಸಂಪಾದಕರೇ, ನನ್ನ ಮಗ ನಾಲ್ಕನೇ ಕ್ಲಾಸು. ಪರೀಕ್ಷೆಯಲ್ಲಿ ‘ಮರಗಳಿಂದ ಆಗುವ ಮೂರು ಉಪಯೋಗ ಬರೆಯಿರಿ’ ಅಂತ ಕೇಳಿದ್ದರು. ಇವನು ಬರೆದದ್ದು: ಬೈಸಿಕೊಂಡಾಗ ಹತ್ತಿ ಕೂರಬಹುದು. ದಾರಿ ಹೇಳುವಾಗ ‘ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿ’ ಅನ್ನಬಹುದು. ಕರೆಂಟು ಹೋದರೆ ‘ಎಲ್ಲೋ ಮರ ಬಿದ್ದಿರಬೇಕು’ ಅನ್ನಬಹುದು. ಮೂರಕ್ಕೆ ಸೊನ್ನೆ ಬಂತು. ಒಂದು ಸೆಂಟರ್‌ನಲ್ಲಿ ಐಕ್ಯೂ ಟೆಸ್ಟ್ ಮಾಡಿಸಿದೆವು. 132 ಬಂದಿದೆ, ‘ಗಿಫ್ಟೆಡ್ ಮಗು’ ಅಂದರು. ವಾರಕ್ಕೆ ಮೂರು ದಿನ ‘ಡೈವರ್ಜೆಂಟ್ ಥಿಂಕಿಂಗ್’ ಕ್ಲಾಸಿಗೆ ಕಳಿಸಿ ಅನ್ನುತ್ತಿದ್ದಾರೆ, ಫೀಸು ಹದಿನೆಂಟು ಸಾವಿರ. ನಮ್ಮ ಯಜಮಾನರು ಮೊದಲು ಮಾರ್ಕ್ಸ್ ಬರಲಿ ಅನ್ನುತ್ತಾರೆ. ಏನು ಮಾಡಲಿ?" (ಹೆಸರು ಬೇಡ ಅಂದವರು, ದಾವಣಗೆರೆ)

ಉತ್ತರ:

ನಿಮ್ಮ ಪತ್ರ ಓದಿ ಆಫೀಸಿನಲ್ಲಿ ಒಬ್ಬನೇ ಕೂತು ನಕ್ಕುಬಿಟ್ಟೆ ತಾಯಿ. ಆ ಮೂರನೆಯ ಉತ್ತರ ಇದೆಯಲ್ಲ, ಕರೆಂಟಿನದು, ಅದು ನನ್ನಂಥವನಿಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಮರ ಅಂದರೆ ನಮ್ಮೂರುಗಳಲ್ಲಿ ಮೊದಲು ಲೈನಿನ ಮೇಲೆ ಬೀಳುವ ಕೊಂಬೆ ತಾನೆ? ಹುಡುಗ ಪಠ್ಯಪುಸ್ತಕದ ಮರ ನೋಡಿಲ್ಲ, ಬೀದಿಯ ಮರ ನೋಡಿದ್ದಾನೆ.

ನಿಮ್ಮ ಯಜಮಾನರ ಮಾತನ್ನೂ ತಳ್ಳಿಹಾಕುವುದಿಲ್ಲ. ಮಗ್ಗಿ ಬರಬೇಕು, ಕಾಗುಣಿತ ಸರಿ ಇರಬೇಕು. ರಾಮಾನುಜನ್ ಕೂಡ ಸುಮ್ನೆ ಕನಸು ಕಾಣುತ್ತ ಕೂತವರಲ್ಲ, ಹುಡುಗನಾಗಿದ್ದಾಗ ಸಾವಿರಾರು ಸೂತ್ರಗಳಿದ್ದ ಒಂದು ಪುಸ್ತಕ ಹಿಡಿದು ಒಂದೊಂದನ್ನೂ ತಾವೇ ಬಿಡಿಸಿ ನೋಡಿದವರು. (ಅವರು ಗಣಿತದಲ್ಲಿ ಫೇಲಾಗಿದ್ದರು ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಸುಳ್ಳು. ಈಗಿನ ಪಿಯುಸಿಯಂತಿದ್ದ ಎಫ್‌.ಎ. ಪರೀಕ್ಷೆಯಲ್ಲಿ ಫೇಲಾದದ್ದು ಬೇರೆ ವಿಷಯಗಳಲ್ಲಿ.) ಆದ್ದರಿಂದ ಯಜಮಾನರು ಹೇಳಿದ್ದು ಸರಿ. ಅಷ್ಟಕ್ಕೇ ಅವರ ಪಾಲು ಮುಗಿಯಿತು ಅಂತ ತಿಳಿಸಿಬಿಡಿ.

ಈಗ ಆ 132. ದಯವಿಟ್ಟು ಆ ಸರ್ಟಿಫಿಕೇಟನ್ನು ಬೀರುವಿನಲ್ಲಿಡಿ, ಫ್ರೇಮು ಹಾಕಿಸಬೇಡಿ. ಅಮೆರಿಕದಲ್ಲಿ ಲೂಯಿಸ್ ಟರ್ಮನ್ ಅಂತ ಒಬ್ಬರು 1921ರಲ್ಲಿ ಐಕ್ಯೂ ಅಳೆದು ಪ್ರತಿಭಾವಂತ ಮಕ್ಕಳನ್ನು ಆರಿಸಲು ಶುರುಮಾಡಿದರು. ಸುಮಾರು ಒಂದೂವರೆ ಸಾವಿರ ಮಕ್ಕಳನ್ನು, ಆ ಮಕ್ಕಳು ಮುದುಕರಾಗುವವರೆಗೂ, ಟರ್ಮನ್ನರೂ ಅವರ ನಂತರ ಬಂದವರೂ ಹಿಂಬಾಲಿಸಿ ಅಧ್ಯಯನ ಮಾಡಿದರು. ಒಳ್ಳೊಳ್ಳೆ ಕೆಲಸಕ್ಕೆ ಹೋದವರು ಬೇಕಾದಷ್ಟು ಜನ. ನೊಬೆಲ್ ಒಬ್ಬರಿಗೂ ಬರಲಿಲ್ಲ. ಅದೇ ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿ 1956ರಲ್ಲಿ, ಲೂಯಿ ಆಲ್ವರೆಜ್ 1968ರಲ್ಲಿ. ಶಾಕ್ಲಿಗೆ ಅದು ಬಂದದ್ದು ಟ್ರಾನ್ಸಿಸ್ಟರ್ ಕೆಲಸಕ್ಕೆ (ರೇಡಿಯೊ ಅಲ್ಲ, ಅದರೊಳಗೆ ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಬಿಡಿಭಾಗ). ಅಂದರೆ ನೀವು ಟೆಸ್ಟಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡ ಫೋನಿನ ಹೊಟ್ಟೆಯಲ್ಲೂ ಆ ನಪಾಸಾದ ಹುಡುಗನ ಕೆಲಸ ಇದೆ.

ಟೀಚರ್ ಮೇಲೆ ಸಿಟ್ಟಾಗಬೇಡಿ. ಆಕೆಯ ಮುಂದೆ ಐವತ್ತು ಪೇಪರು, ಕೈಯಲ್ಲಿ ಕೀ ಆನ್ಸರ್. ಷಿಕಾಗೊದಲ್ಲಿ ಗೆಟ್ಜೆಲ್ಸ್ ಮತ್ತು ಜಾಕ್ಸನ್ ಅನ್ನುವ ಸಂಶೋಧಕರು 1962ರಲ್ಲೇ ಬರೆದಿದ್ದಾರೆ: ಐಕ್ಯೂ ಜಾಸ್ತಿ ಇದ್ದ ಮಕ್ಕಳು ಮತ್ತು ಹೊಸತು ಯೋಚಿಸುವ ಮಕ್ಕಳು, ಇಬ್ಬರೂ ಪರೀಕ್ಷೆಯಲ್ಲಿ ಒಂದೇ ಮಟ್ಟದಲ್ಲಿದ್ದರೂ ಶಿಕ್ಷಕರಿಗೆ ಇಷ್ಟವಾದವರು ಐಕ್ಯೂ ಮಕ್ಕಳೇ. ಅದು ಅಲ್ಲಿನ ಕಥೆ. ಇಲ್ಲಿ ಬೇರೆ ಇರುತ್ತದಾ?

ಆ ಕ್ಲಾಸಿನವರು ಹೇಳಿದ ‘ಡೈವರ್ಜೆಂಟ್ ಥಿಂಕಿಂಗ್’ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ತೀರಾ ಸರಳ ವಿಷಯ. ಗಿಲ್ಫರ್ಡ್ ಅನ್ನುವ ಮನಃಶಾಸ್ತ್ರಜ್ಞ ಯೋಚನೆಯಲ್ಲಿ ಎರಡು ಬಗೆ ಅಂದರು. ಒಂದು, ಎಲ್ಲ ದಾರಿಯೂ ಒಂದೇ ಉತ್ತರಕ್ಕೆ ಬಂದು ಸೇರುವುದು. ಇನ್ನೊಂದು, ಒಂದು ಪ್ರಶ್ನೆಯಿಂದ ಹತ್ತು ಕವಲು ಒಡೆಯುವುದು, ಡೈವರ್ಜೆಂಟ್ ಅಂದರೆ ಇದೇ. ಅವರ ಪರೀಕ್ಷೆ ಹೀಗಿತ್ತು: ಇಟ್ಟಿಗೆಯಿಂದ ಏನೇನು ಮಾಡಬಹುದು, ಹೇಳಿ. ನಿಮ್ಮ ಮಗನ ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದೂ ಅದೇ ಪ್ರಶ್ನೆ ಅಲ್ವಾ, ಇಟ್ಟಿಗೆಯ ಬದಲು ಮರ! ಹುಡುಗ ಆ ಪರೀಕ್ಷೆಗೆ ಉತ್ತರ ಬರೆದ, ಶಾಲೆ ಬೇರೆ ಪರೀಕ್ಷೆಗೆ ಮಾರ್ಕ್ಸ್ ಹಾಕಿತು.

ಇಲ್ಲೊಂದು ಸಂಗತಿ ಇದೆ, ನನ್ನ ಹಟವೆಲ್ಲ ಇದರ ಮೇಲೆಯೇ ನಿಂತಿದೆ. ಇಂಥ ಪ್ರಶ್ನೆ ಕೇಳಿದಾಗ ಮೊದಲು ಬರುವ ಉತ್ತರಗಳು ಎಲ್ಲರೂ ಹೇಳುವಂಥವು. ಮನೆ ಕಟ್ಟಬಹುದು, ಗೋಡೆ ಕಟ್ಟಬಹುದು. ಬೇರೆ ಥರದವು ಬರುವುದು ತಡವಾಗಿ, ಸಲೀಸಾದವು ಖಾಲಿಯಾದ ಮೇಲೆ. ಇದನ್ನೂ ಆಗಲೇ ಅಳೆದು ನೋಡಿದ್ದಾರೆ. ಅಂದಮೇಲೆ ಮಗುವಿಗೆ ಬೇಕಾದದ್ದು ಕ್ಲಾಸಲ್ಲ, ಹೊತ್ತು. ಕಾಯುವ ಒಬ್ಬ ದೊಡ್ಡವರು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬಾಕೆ ಕ್ಲಾಸುಗಳ ಟೇಪು ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡು, ತಾಯಿ. ಫೀಸಿಲ್ಲ.

ನಾನೇನು ಸಾಚಾ ಅಲ್ಲ. ಹೋದ ವರ್ಷ ಮೊಮ್ಮಗಳಿಗೆ ಒಗಟು ಹೇಳಿದೆ, ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು?’ ಅವಳು ಮೇಲೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ‘ಮಲ್ಲಿಗೆ!’ ಅಂದುಬಿಟ್ಟೆ. ಅವಳು ‘ಓ’ ಅಂತ ಎದ್ದು ಹೋದಳು. ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ, ಯಾರೂ ಕೇಳದೆ, ‘ತಾತಾ, ನುಗ್ಗೆಹೂವೂ ಆಗುತ್ತೆ, ಆದ್ರೆ ಅದು ಮೊಸರಲ್ಲ, ಮಜ್ಜಿಗೆ’ ಅಂದಳು. ಸ್ವಲ್ಪ ಹೊತ್ತಾದ ಮೇಲೆ ‘ಗಿಡದ ಮೇಲೆ ಕಾಗೆ ಕೂತು ಹೋಗಿದ್ರೂ ಹಂಗೇ ಇರುತ್ತೆ’ ಅಂದಳು. ಅವಳಜ್ಜಿ ಊಟದ ಹೊತ್ತಲ್ಲಿ ಇದೇನು ಮಾತು ಅಂತ ಬೈದಳು. ನಾನು ಮಾತ್ರ ಎರಡು ದಿನ ಆ ಮಗುವಿನ ತಲೆಯಲ್ಲಿ ಒಗಟು ಓಡಾಡುತ್ತಿತ್ತಲ್ಲ ಅಂತ ಅನ್ನ ಕಲೆಸುವುದನ್ನೂ ಮರೆತೆ.

ನಮಗೆ ವೇಗದ ಹುಚ್ಚು. ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು, ಅದ್ಭುತವೇ ಸರಿ, ನನಗೂ ಹೆಮ್ಮೆ. ಆದರೆ ಅಲ್ಲಿಂದ ನಾವು ಕಲಿತದ್ದು ಬೀದಿಗೊಂದು ಅಬ್ಯಾಕಸ್ ಕ್ಲಾಸು. ಟಿವಿಯಲ್ಲಿ ಬಜರ್ ಒತ್ತುವ ಮಗು ಜಾಣ, ಕಿಟಕಿ ನೋಡುತ್ತ ಕೂತದ್ದು ಮಂಕು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625, ‘ಔಟ್ ಆಫ್ ಔಟ್’ ಬಂದ ಮಕ್ಕಳ ಫೋಟೋ ಪೇಪರಿನಲ್ಲಿ ನೋಡುತ್ತೇನೆ. ಅವರ ಶ್ರಮಕ್ಕೆ ನಮಸ್ಕಾರ. ಆದರೂ ಒಂದು ಮಾರ್ಕೂ ಹೋಗದ ಹಾಗೆ ಬರೆಯಬೇಕಾದರೆ ಆ ಮಗು ತನಗೆ ಹೊಳೆದ ಎಷ್ಟನ್ನು ನುಂಗಿಕೊಂಡಿತೋ ಅನ್ನಿಸುತ್ತದೆ.

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು, ಮಕ್ಕಳಿಗೆಂದು ಒಬ್ಬರೇ ಕೂತು ವಿಶ್ವಕೋಶವನ್ನೂ ಬರೆದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ‘ನಲಿಕಲಿ’ ಶುರುವಾಯಿತು. ಕಾರ್ಡುಗಳು, ಕಲಿಕೆಯ ಏಣಿ, ಒಂದೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು. ಎಂಥ ಒಳ್ಳೆಯ ಯೋಚನೆ! ಆದರೆ ಮೂರನೇ ಕ್ಲಾಸು ಮುಗಿದರೆ ಏಣಿಯೂ ಮುಗಿಯಿತು. ನಾಲ್ಕನೆಯದರಿಂದ ಎಲ್ಲರಿಗೂ ಒಂದೇ ಬಸ್ಸು, ಒಂದೇ ಸ್ಟಾಪು. ಇನ್ನು ಬೇಸಿಗೆ ರಜೆ. ಅಜ್ಜಿ ಮನೆಯ ಹಿತ್ತಲಲ್ಲಿ ಬೇಸರ ಹಿಡಿದು, ಆ ಬೇಸರದಲ್ಲೇ ಏನೋ ಒಂದು ಆಟ ಹುಟ್ಟುತ್ತಿತ್ತು. ಈಗ ಸಮ್ಮರ್ ಕ್ಯಾಂಪು, ಅದಕ್ಕೂ ಟೈಮ್‌ಟೇಬಲ್ಲು, ಹತ್ತೂವರೆಗೆ ಸೃಜನಶೀಲತೆ, ಹನ್ನೊಂದೂಕಾಲಿಗೆ ಬಿಸ್ಕತ್ತು.

ನಮ್ಮ ಪತ್ರಿಕೆಯ ಕಥೆಯೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಕ್ಕಳ ಪ್ರಬಂಧ ಸ್ಪರ್ಧೆ ಇಟ್ಟೆವು. ವಿಷಯ ಪರಿಸರ, ಮಿತಿ ಇನ್ನೂರು ಪದ, ಹದಿನೈದು ದಿನ ಗಡುವು. ನೂರಕ್ಕೂ ಜಾಸ್ತಿ ಬಂದವು. ಮುಕ್ಕಾಲು ಪಾಲು ಒಂದೇ ವಾಕ್ಯದಿಂದ ಶುರು, ಒಂದೇ ವಾಕ್ಯದಲ್ಲಿ ಮುಕ್ತಾಯ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅಪ್ಪ ಅಮ್ಮ ಗೂಗಲ್ ನೋಡಿ ಹೇಳಿ ಬರೆಸಿದ್ದಾರೆ ಅಂತ ನಾನು ಗೊಣಗಿದೆ. ಆಮೇಲೆ ಹೊಳೆಯಿತು, ಪರಿಸರ ಅಂತ ಗೆರೆ ಎಳೆದು, ಗಡುವು ಕೊಟ್ಟು, ಬಹುಮಾನದ ಆಸೆ ತೋರಿಸಿದವನು ನಾನೇ.

ಆದ್ದರಿಂದ ಹದಿನೆಂಟು ಸಾವಿರ ಉಳಿಸಿ. ಹುಡುಗನಿಗೆ ಸ್ಕೂಲಿನ ಉತ್ತರವನ್ನೂ ಬರೆಯಲು ಹೇಳಿಕೊಡಿ, ನೆರಳು, ಹಣ್ಣು, ಮಳೆ, ಮೂರು ಮಾರ್ಕ್ಸ್ ತೆಗೆದುಕೊಳ್ಳಲಿ, ಅದೇನು ದೊಡ್ಡ ವಿದ್ಯೆಯಲ್ಲ. ಮನೆಗೆ ಬಂದ ಮೇಲೆ ‘ಇನ್ನೇನೇನು ಹೊಳೆದಿತ್ತೋ?’ ಅಂತ ಕೇಳಿ. ಕೇಳಿ ಸುಮ್ಮನಿರಿ. ನಡುವೆ ‘ವೆರಿಗುಡ್’ ಕೂಡ ಬೇಡ. ಮತ್ತೆ, ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ: ನಿಮ್ಮ ಎರಡು ಪುಟದ ಪತ್ರದಲ್ಲಿ ಶಾಲೆ ಏನಂದಿತು, ಸೆಂಟರ್ ಏನಂದಿತು, ಯಜಮಾನರು ಏನಂದರು ಎಲ್ಲ ಇದೆ. ‘ಯಾಕೆ ಹಾಗೆ ಬರೆದೆ ಪುಟ್ಟಾ’ ಅಂದದ್ದಕ್ಕೆ ಹುಡುಗ ಏನಂದ ಅನ್ನುವುದು ಎಲ್ಲೂ ಇಲ್ಲ.

ಈ ತಿಂಗಳ ಮಕ್ಕಳ ಪುಟಕ್ಕೆ ಅವನ ಪ್ರಶ್ನೆಯನ್ನೇ ಹಾಕಿದ್ದೇನೆ: ಮರದಿಂದ ಏನೇನು ಉಪಯೋಗ? ಪದಮಿತಿ ಇಲ್ಲ, ಬಹುಮಾನ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಹಾಗಾದರೆ ಯಾವ ಸಂಚಿಕೆಗೆ ಪುಟ ಖಾಲಿ ಬಿಡಲಿ ಅಂತ ನಮ್ಮ ಪುಟವಿನ್ಯಾಸದ ಹುಡುಗಿ ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ.