ಸುಮ್ಮನಿರಲು ಬಿಡುವ ವಿಡಿಯೋ ಯಾವುದು?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಮನೆ ಮಂಡ್ಯ, ಕೆಲಸ ಮೈಸೂರಿನಲ್ಲಿ. ದಿನಾ ಟ್ರೈನಿನಲ್ಲಿ ಓಡಾಟ. ಸಾಯಂಕಾಲ ಮನೆ ಸೇರುವಷ್ಟರಲ್ಲಿ ಸೊಂಟ, ತೊಡೆ ಎಲ್ಲಾ ಮರದ ಹಾಗೆ ಬಿಗಿದಿರುತ್ತದೆ. ಆಫೀಸಿನ ಗೆಳತಿ ಯಿನ್ ಯೋಗ ಮಾಡು, ಯೂಟ್ಯೂಬಿನಲ್ಲಿ ಸಿಗುತ್ತದೆ ಎಂದಳು. ಹುಡುಕಿದರೆ ಲೆಕ್ಕವಿಲ್ಲದಷ್ಟು ಬಂದವು. ಒಂದರಲ್ಲಿ ಮಾತು ನಿಲ್ಲುವುದೇ ಇಲ್ಲ. ಇನ್ನೊಂದರಲ್ಲಿ ನಾನು ಕಾಲು ಮಡಚುವಷ್ಟರಲ್ಲಿ ಆಕೆ ಮುಂದಿನ ಆಸನದಲ್ಲಿ ಇರುತ್ತಾಳೆ. ಯಾವುದನ್ನು ಆರಿಸಲಿ? ಅವರು ಇಟ್ಟುಕೊಳ್ಳುವ ದಿಂಬು, ಬ್ಲಾಕು ಎಲ್ಲಾ ಕೊಳ್ಳಲೇಬೇಕಾ? ನಮ್ಮತ್ತೆ ಬೇರೆ, "ಇದು ಯೋಗಾನಾ? ಸುಮ್ನೆ ಬಿದ್ಕೊಂಡಿದ್ದೀಯಲ್ಲ" ಅಂತಾರೆ. (ಹೆಸರು ಹಾಕಬೇಡಿ.)

ಉತ್ತರ: ಮೊದಲು ಅತ್ತೆಯವರಿಗೆ ಉತ್ತರ ಕೊಡುತ್ತೇನೆ. ಅವರು ಹೇಳಿದ್ದು ಅರ್ಧ ಸರಿ. ಹೊರಗಿನಿಂದ ನೋಡಿದರೆ ಯಿನ್ ಯೋಗ ಬಿದ್ದುಕೊಂಡಿರುವ ಹಾಗೇ ಕಾಣುತ್ತದೆ. ನಮ್ಮ ಮೈಸೂರಿಗಂತೂ ಇದು ಉಲ್ಟಾ ಯೋಗ. 1933ರಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರು ಮಾಡಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಇವತ್ತಿಗೂ ಇಲ್ಲಿನ ಗೋಕುಲಂ ಬಡಾವಣೆಗೆ ಹೊರದೇಶದವರು ಬರುತ್ತಾರೆ. ಅಲ್ಲಿ ಒಂದು ಆಸನಕ್ಕೆ ಸಾಮಾನ್ಯವಾಗಿ ಐದು ಉಸಿರು, ಮುಂದಕ್ಕೆ ಹೋಗು. ಯಿನ್‌ನಲ್ಲಿ ಐದು ಉಸಿರಲ್ಲ, ಮೂರರಿಂದ ಐದು ನಿಮಿಷ. ಒಂದು ಆಕಾರಕ್ಕೆ ಬಂದು, ಮಾಂಸಖಂಡ ಸಡಿಲ ಬಿಟ್ಟು, ಅಲ್ಲಾಡದೆ ಇರಬೇಕು. ಸೊಂಟ, ತೊಡೆ, ಬೆನ್ನಿನ ಕೆಳಭಾಗದ ಗಟ್ಟಿ ನಾರುಗಳಿಗೆ ನಿಧಾನವಾಗಿ ಎಳೆತ ಸಿಗಲಿ ಎಂಬುದು ಉದ್ದೇಶ. ಎರಡನೇ ನಿಮಿಷಕ್ಕೆ ಮೂಗು ಕೆರೆಯುತ್ತದೆ, ಮೂರನೇ ನಿಮಿಷಕ್ಕೆ ಕುಕ್ಕರ್ ಇಟ್ಟೆನಾ ಎಂದು ಅನುಮಾನ ಬರುತ್ತದೆ. ಅತ್ತೆಯವರನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಗೊತ್ತಾಗುತ್ತದೆ.

ಇದು ನಮ್ಮ ಹಳೇ ಗ್ರಂಥಗಳಿಂದ ಬಂದದ್ದಲ್ಲ. ಚೀನಾದ ತಾವೋ ಪದ್ಧತಿ ಮತ್ತು ಕುಂಗ್ ಫೂ ವರಸೆ ಕಲಿತಿದ್ದ ಅಮೆರಿಕದ ಪಾಲಿ ಝಿಂಕ್ ಎಂಬುವರು 1970ರ ದಶಕದ ಕೊನೆಗೆ ಕಲಿಸಲು ಶುರು ಮಾಡಿದರು. ಆಮೇಲೆ ಪಾಲ್ ಗ್ರಿಲ್ಲಿ, ಸಾರಾ ಪವರ್ಸ್ ಎಂಬ ಯೋಗ ಟೀಚರುಗಳು ಇದನ್ನು ಜಗತ್ತಿಗೆಲ್ಲ ಹರಡಿದರು. ಯಿನ್ ಎಂದರೆ ಚೀನೀ ಭಾಷೆಯಲ್ಲಿ ಬೆಟ್ಟದ ನೆರಳಿನ ಮಗ್ಗುಲು. ಹೆಸರು ನನಗೆ ಇಷ್ಟ. ಸಾಯಂಕಾಲ ಚಾಮುಂಡಿ ಬೆಟ್ಟದ ಮೆಟ್ಟಿಲಿಳಿಯುವಾಗ ಬಿಸಿಲು ದಾಟಿ ತಣ್ಣನೆ ಜಾಗಕ್ಕೆ ಬರುತ್ತೇವಲ್ಲ, ಅದೇ ನೆನಪಾಗುತ್ತದೆ.

ಈಗ ವಿಡಿಯೋ ವಿಷಯ. ಇದರಲ್ಲಿ ನಾನು ಪೆಟ್ಟು ತಿಂದು ಕಲಿತವಳು. ಇಪ್ಪತ್ತೆರಡು ವರ್ಷ ಕುವೆಂಪುನಗರದಲ್ಲಿ ಬೆಳಗಿನ ಕ್ಲಾಸು ತೆಗೆದುಕೊಂಡಿದ್ದೇನೆ, ನನಗ್ಯಾಕೆ ವಿಡಿಯೋ ಎಂಬ ಜಂಬ ಇತ್ತು. 2020ರ ಲಾಕ್‌ಡೌನಿನಲ್ಲಿ ಕ್ಲಾಸು ನಿಂತಾಗ ನಡುಮನೆಯಲ್ಲಿ ಜಮಖಾನ ಹಾಸಿ, ಮೊದಲು ಕಂಡ ವಿಡಿಯೋ ಹಾಕಿದೆ. ಸ್ಲೀಪಿಂಗ್ ಸ್ವಾನ್ ಎಂಬ ಆಸನ. ಒಂದು ಕಾಲು ಎದೆಯ ಕೆಳಗೆ ಮಡಚಿ, ಇನ್ನೊಂದು ಹಿಂದಕ್ಕೆ ಚಾಚಿ ಬಗ್ಗುವುದು. ವಿಡಿಯೋದ ಟೀಚರ್ ಸಮುದ್ರ, ಅಲೆ ಎಂದು ಐದು ನಿಮಿಷ ಮಾತಾಡಿದಳು. ಏಳುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ. "ಈಗ ಇನ್ನೊಂದು ಕಡೆ" ಎಂದಳು ಅಷ್ಟೇ. ನಾನು ದಡಕ್ಕನೆ ಎದ್ದೆ. ಕಾಲು ಜೋಮು ಹಿಡಿದಿತ್ತು. ಹೊಲಿಗೆ ಮೆಷಿನ್ ಹಿಡಿದುಕೊಳ್ಳದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ವಾರ ಪೂರ್ತಿ ಮೊಣಕಾಲು ನೋವು.

ಹಾಗಾಗಿ ನನ್ನ ಮೊದಲ ಪರೀಕ್ಷೆ ಇದು: ಆಸನದಿಂದ ಹೊರಬರುವುದನ್ನು ಹೇಳಿಕೊಡುತ್ತಾರಾ? ಎಲ್ಲರೂ ಒಳಗೆ ಹೋಗುವುದನ್ನು ಚೆನ್ನಾಗಿ ತೋರಿಸುತ್ತಾರೆ. ಒಳ್ಳೆಯ ಟೀಚರ್, ಪಾದ ಜೋಡಿಸಿ ಮೊಣಕಾಲು ಹೊರಕ್ಕೆ ಬಿಟ್ಟು ಮುಂದಕ್ಕೆ ಬಗ್ಗುವ ಬಟರ್‌ಫ್ಲೈ ಮುಗಿದಾಗ "ಕೈಯನ್ನು ಮೊಣಕಾಲಿನ ಕೆಳಗಿಟ್ಟು, ಕೈಯಿಂದಲೇ ಎತ್ತಿ ಕೂಡಿಸಿ" ಎನ್ನುತ್ತಾರೆ. ಆಮೇಲೆ ಅರ್ಧ ನಿಮಿಷ, ಒಂದು ನಿಮಿಷ ಏನೂ ಮಾಡಿಸದೆ ಬಿಡುತ್ತಾರೆ. ಅಷ್ಟು ಹೊತ್ತು ಎಳೆದಿದ್ದ ಮೈ ಆಗ ತುಸು ದುರ್ಬಲ ಅನಿಸುತ್ತದೆ, ಅದು ಸಹಜ. ಆ ಬಿಡುವು ಇಲ್ಲದ ವಿಡಿಯೋ ನಿಮಗೆ ಬೇಡ.

ಎರಡನೆಯದು ಲೆಕ್ಕ. 45 ನಿಮಿಷದ ವಿಡಿಯೋ ಎಂದುಕೊಳ್ಳಿ. ಶುರುವಿಗೆ ಐದು, ಕೊನೆಯ ಶವಾಸನಕ್ಕೆ ಐದು ತೆಗೆಯಿರಿ. ಉಳಿದದ್ದು 35. ಒಂದು ಆಸನಕ್ಕೆ ನಾಲ್ಕು ನಿಮಿಷ, ನಡುವೆ ಒಂದು ನಿಮಿಷ ಬಿಡುವು ಎಂದರೂ ಏಳು ಸಲ ಕೂತರೆ ಮುಗಿಯಿತು, ಎಡ ಬಲ ಸೇರಿ. ಅಷ್ಟರಲ್ಲಿ ಹದಿನೈದು ಆಸನ ತೋರಿಸುವವರು ಯಿನ್ ಹೆಸರಿನಲ್ಲಿ ಬೇರೇನೋ ಮಾರುತ್ತಿದ್ದಾರೆ. ಪೂರ್ತಿ ನೋಡಬೇಕಾಗಿಲ್ಲ, ಫೋನಿನಲ್ಲಿ ವಿಡಿಯೋದ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ಎಳೆಯಿರಿ. ಚಿತ್ರ ತುಂಬಾ ಹೊತ್ತು ಹಾಗೇ ಇದ್ದರೆ ಸರಿ. ಸಿನಿಮಾದ ಹಾಗೆ ಓಡಿದರೆ ಬಿಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಫೋನನ್ನು ಬೋರಲು ಇಟ್ಟು ಹತ್ತು ನಿಮಿಷ ಬರೀ ಕಿವಿಯಿಂದ ಮಾಡಿ ನೋಡಿ. ತಲೆ ಎತ್ತಿ ಎತ್ತಿ ಪರದೆ ನೋಡಬೇಕಾದರೆ ಕುತ್ತಿಗೆ ಬಿಗಿಯುತ್ತದೆ, ಆರಾಮ ಎಲ್ಲಿಂದ ಬರಬೇಕು? ಮಾತು ಮೊದಲ ಒಂದು ನಿಮಿಷ ಇದ್ದು ಆಮೇಲೆ ನಿಲ್ಲಬೇಕು. ನಡುವೆ ಒಂದೆರಡು ಸಲ "ಉಸಿರು ಗಮನಿಸಿ" ಎಂದರೆ ಸಾಕು. ಸೊಂಟದಲ್ಲಿ ಹಳೇ ದುಃಖ ಕೂತಿದೆ, ಲಿವರ್ ಕ್ಲೀನ್ ಆಗುತ್ತದೆ ಎಂದೆಲ್ಲಾ ಹೇಳುವವರು ಸಿಗುತ್ತಾರೆ. ದನಿ ಚೆನ್ನಾಗಿದ್ದರೆ ಕೇಳಿಸಿಕೊಳ್ಳಿ, ನಂಬಬೇಕಾಗಿಲ್ಲ. ಇಂಗ್ಲಿಷ್ ವೇಗ ಜಾಸ್ತಿ ಎನಿಸಿದರೆ ಒಂದು ಸಲ ಸುಮ್ಮನೆ ಕೂತು ಕಾಫಿ ಕುಡಿಯುತ್ತಾ ಪೂರ್ತಿ ನೋಡಿಬಿಡಿ. ಮಾರನೇ ದಿನ ಅದನ್ನೇ ಹಾಕಿ. ದಿನಕ್ಕೊಂದು ಹೊಸದು ಹುಡುಕಬೇಡಿ. ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ನಾನು ಮಾಡಿದ್ದೇನೆ.

ಜಾಹೀರಾತಿನ ಕಾಟ ಒಂದಿದೆ. ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋಗಳ ನಡುವೆ ಜಾಹೀರಾತು ಹಾಕಲು ಯೂಟ್ಯೂಬ್ ಬಿಡುತ್ತದೆ. ನನ್ನ ಶವಾಸನದ ನಡುವೆ ಒಂದು ದಿನ ಸಾಂಬಾರ್ ಪುಡಿಯವರು ಡೋಲು ಬಾರಿಸಿದರು. ಎದೆ ಧಸಕ್ ಎಂದಿತು. ಗೆರೆಯ ಮೇಲೆ ಹಳದಿ ಗುರುತುಗಳಿದ್ದರೆ ಅಲ್ಲಿ ಜಾಹೀರಾತು ಇದೆ ಎಂದರ್ಥ. ಅಂಥದ್ದು ಕಡಿಮೆ ಇರುವುದನ್ನು ಆರಿಸಿ, ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ನೀವು ಕಣ್ಣು ಮುಚ್ಚಿರುವಾಗಲೇ ಇನ್ಯಾವುದೋ ವಿಡಿಯೋ ಶುರುವಾಗುತ್ತದೆ.

ಹೆಸರು ಬೇಕು ಎನ್ನುತ್ತೀರಿ, ಅಲ್ವಾ? ಯೋಗ ವಿತ್ ಕಸ್ಸಾಂಡ್ರಾ ಚಾನೆಲ್ಲಿನಿಂದ ಶುರು ಮಾಡಿ. ಕೆನಡಾದ ಟೀಚರ್, ಯಿನ್ ವಿಡಿಯೋ ಬಹಳ ಇವೆ, ದಿಂಬು, ಬ್ಲಾಕು ಏನೂ ಇಲ್ಲದೆ ಮಾಡುವಂಥವೂ ಇವೆ. ಟ್ರಾವಿಸ್ ಎಲಿಯಟ್ ಅವರ ಯಿನ್ ಕೂಡ ನೋಡಬಹುದು. ಅದನ್ನು ಉದ್ದಕ್ಕೆ ಸಮಯ ಇರುವ ಭಾನುವಾರಕ್ಕೆ ಇಡಿ.

ನಿಮಗೆ ಯಾವ ಆಸನ? ಟ್ರೈನು, ಆಫೀಸು ಎರಡರಲ್ಲೂ ಕೂತೇ ಇರುತ್ತೀರಿ. ತೊಡೆಯ ಮುಂಭಾಗ ಮಡಚಿಕೊಂಡೇ ಇರುತ್ತದೆ. ಹಾಗಾಗಿ ಬರೀ ಮುಂದಕ್ಕೆ ಬಗ್ಗುವ ಆಸನಗಳಿರುವ ವಿಡಿಯೋ ಬೇಡ. ಸ್ಫಿಂಕ್ಸ್ ಇರಲಿ. ಮಕ್ಕಳು ಬೋರಲು ಮಲಗಿ, ಮೊಣಕೈ ಊರಿ ಕಥೆ ಪುಸ್ತಕ ಓದುತ್ತಾರಲ್ಲ, ಅದೇ. ಒಂದು ಕಾಲು ಮುಂದೆ ಇಟ್ಟು ಇನ್ನೊಂದು ಮೊಣಕಾಲು ಊರುವ ಡ್ರ್ಯಾಗನ್ ಇರಲಿ. ಊರಿದ ಮೊಣಕಾಲಿನ ಕೆಳಗೆ ಟವೆಲ್ ಮಡಚಿ ಇಡಿ. ಕೊನೆಗೆ ಮಲಗಿ ಸೊಂಟ ತಿರುಗಿಸುವುದೊಂದು. ಬನಾನಾಸನ ಎಂಬುದೂ ಬರುತ್ತದೆ, ನಗಬೇಡಿ. ಮಲಗಿ ಬಾಳೆಹಣ್ಣಿನ ಹಾಗೆ ಒಂದು ಪಕ್ಕಕ್ಕೆ ಬಾಗುವುದು, ಪಕ್ಕೆಗೆ ಬಹಳ ಹಿತ.

ಏನೂ ಕೊಳ್ಳಬೇಡಿ. ಒರಗುದಿಂಬಿನ ಬದಲು ಎರಡು ತಲೆದಿಂಬನ್ನು ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ. ಬ್ಲಾಕಿನ ಬದಲು ಹಳೇ ಪೇಪರನ್ನು ದಾರ ಹಾಕಿ ಕಟ್ಟಿ. ಬೆಲ್ಟಿನ ಬದಲು ವೇಲು. ಒಂದು ಕಂಬಳಿ ಕೈಗೆ ಸಿಗುವ ಹಾಗಿರಲಿ, ಅಲ್ಲಾಡದೆ ಇದ್ದರೆ ಮೈ ತಣ್ಣಗಾಗುತ್ತದೆ. ಊಟಕ್ಕೆ ಮೊದಲು ಮಾಡಿ. ಮನೆಗೆ ಬಂದು, ಕೈಕಾಲು ತೊಳೆದು, ಅನ್ನ ಬೇಯುವ ಹೊತ್ತು. ಮೊದಲ ವಾರ ಇಪ್ಪತ್ತು ನಿಮಿಷದ ವಿಡಿಯೋ ಸಾಕು. ಮಂದವಾದ ಎಳೆತ ಇರಬೇಕು. ಚುಚ್ಚುವ ನೋವು, ಕರೆಂಟು ಹೊಡೆದ ಹಾಗೆ ಅನಿಸುವುದು, ಜೋಮು, ಯಾವುದಾದರೂ ಬಂದರೆ ವಿಡಿಯೋದ ಟೀಚರ್ ಏನೇ ಹೇಳುತ್ತಿರಲಿ, ನೀವು ಎದ್ದುಬಿಡಿ. ನಿಮ್ಮ ಮೊಣಕಾಲು ಅವರಿಗೆ ಕಾಣುವುದಿಲ್ಲ.

ಪ್ರಶ್ನೆ: ಯಿನ್ ಯೋಗ, ಯೋಗ ನಿದ್ರಾ, ರೆಸ್ಟೋರೇಟಿವ್ ಯೋಗ ಮೂರೂ ಒಂದೇನಾ? (ಓದುಗರೊಬ್ಬರು, ಮೈಸೂರು)

ಉತ್ತರ: ಅಲ್ಲ. ಯೋಗ ನಿದ್ರಾದಲ್ಲಿ ಮಲಗಿ ದನಿ ಕೇಳುವುದಷ್ಟೇ, ಮೈಗೆ ಎಳೆತವಿಲ್ಲ. ರೆಸ್ಟೋರೇಟಿವ್‌ನಲ್ಲಿ ದಿಂಬು ಕಂಬಳಿಗಳೇ ನಿಮ್ಮ ಭಾರ ಹೊರುತ್ತವೆ, ಅಲ್ಲೂ ಎಳೆತ ಇರಬಾರದು. ಯಿನ್‌ನಲ್ಲಿ ಸ್ವಲ್ಪ ಎಳೆತ ಬೇಕೇ ಬೇಕು. ಜ್ವರ ಬಿಟ್ಟ ಮೇಲೆ, ರಾತ್ರಿ ನಿದ್ದೆಗೆಟ್ಟ ದಿನ ರೆಸ್ಟೋರೇಟಿವ್ ಹಾಕಿ.

ಪ್ರಶ್ನೆ: ನನಗೆ 67. ಹೋದ ವರ್ಷ ಮೊಣಕಾಲಿನ ಆಪರೇಷನ್ ಆಗಿ ಕೀಲು ಬದಲಿಸಿದ್ದಾರೆ. ಮಗಳು ಈ ವಿಡಿಯೋ ಕಳಿಸಿದ್ದಾಳೆ. ಮಾಡಲಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ವಿಡಿಯೋ ನೋಡಿ ಮಾಡಬೇಡಿ ಸರ್. ಮಗಳು ಕಳಿಸಿದ್ದನ್ನು ಫಿಸಿಯೋಥೆರಪಿಯವರಿಗೆ ತೋರಿಸಿ, ಯಾವುದು ಬೇಡ ಎಂದು ಅವರೇ ಹೇಳಲಿ. ಮಂಡಿ ಊರುವುದು, ಕಾಲು ಮಡಚಿ ಕೂತು ಹಿಂದಕ್ಕೆ ಮಲಗುವ ಸ್ಯಾಡಲ್, ಮೇಲೆ ಹೇಳಿದ ಸ್ಲೀಪಿಂಗ್ ಸ್ವಾನ್, ಇವು ಮೂರನ್ನು ಅವರ ಹತ್ತಿರ ಹೆಸರು ಹಿಡಿದೇ ಕೇಳಿ. ಮೂಳೆ ಸವೆತ, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಬಸುರಿಯರು ಕೂಡ ಹೀಗೇ ಕೇಳಿಯೇ ಶುರು ಮಾಡಬೇಕು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಐದು ನಿಮಿಷ ಕಣ್ಣು ಮುಚ್ಚಿ ಉಸಿರು ನೋಡಿಕೊಳ್ಳಿ. ಅದಕ್ಕೆ ಯಾರ ಚೀಟಿಯೂ ಬೇಡ.